ತೆರಿಗೆ ಫಾರಂನಿಂದ ಅಚ್ಚಿನ ಪ್ಲೇಟಿನವರೆಗೆ

ಅಚ್ಚಿನಮನೆಗೆ ಪುಸ್ತಕ ಈಗ ಪಿಡಿಎಫ್ ಆಗಿ ಹೋಗುತ್ತದೆ. ಪುಟದ ಅಳತೆ, ಅಕ್ಷರ, ಚಿತ್ರ, ಬಣ್ಣ ಎಲ್ಲವೂ ಆ ಒಂದೇ ಕಡತದೊಳಗೆ ಇರಬೇಕು. ಅದರಲ್ಲಿ ಉಳಿದ ತಪ್ಪು ನೇರವಾಗಿ ಪ್ಲೇಟಿಗೆ ಇಳಿದು, ಸಾವಿರ ಪ್ರತಿಗಳಲ್ಲಿ ಸಾವಿರ ಸಲ ಅಚ್ಚಾಗುತ್ತದೆ. ಮುದ್ರಣದ ಇಷ್ಟು ಹೊಣೆ ಹೊತ್ತ ಈ ಕಡತದ ಬೀಜ ಬಿದ್ದದ್ದು ಅಮೆರಿಕದ ವರಮಾನ ತೆರಿಗೆಯ 1040ನೇ ನಂಬರಿನ ಫಾರಂನಲ್ಲಿ.

ಜಾನ್ ವಾರ್ನಾಕ್ ಮತ್ತು ಚಾರ್ಲ್ಸ್ ಗೆಶ್ಕಿ ಜೆರಾಕ್ಸ್ ಕಂಪನಿಯ ಸಂಶೋಧನಾ ಕೇಂದ್ರವನ್ನು ಬಿಟ್ಟು 1982ರ ಡಿಸೆಂಬರಿನಲ್ಲಿ ಅಡೋಬಿ ಸಂಸ್ಥೆ ಕಟ್ಟಿದರು. ಅವರ ಮೊದಲ ದೊಡ್ಡ ಸೃಷ್ಟಿ ಪೋಸ್ಟ್‌ಸ್ಕ್ರಿಪ್ಟ್ ಎಂಬ ಭಾಷೆ. ಅದರಲ್ಲಿ ಪ್ರತಿ ಪುಟವೂ ಒಂದು ಕಂಪ್ಯೂಟರ್ ಪ್ರೋಗ್ರಾಂ. ಪ್ರಿಂಟರು ಆ ಪ್ರೋಗ್ರಾಮನ್ನು ಓದಿ, ಲೆಕ್ಕ ಹಾಕಿ, ಗೆರೆಯನ್ನೂ ಅಕ್ಷರವನ್ನೂ ಎಲ್ಲೆಲ್ಲಿ ಇಡಬೇಕೆಂದು ತಾನೇ ನಿರ್ಧರಿಸುತ್ತದೆ. ಆಪಲ್ ಕಂಪನಿ 1985ರಲ್ಲಿ ತಂದ ಲೇಸರ್‌ರೈಟರ್ ಈ ಭಾಷೆಯನ್ನು ಬಲ್ಲ ಯಂತ್ರವಾಗಿತ್ತು.

ಆ ಯಂತ್ರದ ಪ್ರದರ್ಶನಕ್ಕಾಗಿ ವಾರ್ನಾಕ್ 1040 ಫಾರಮನ್ನು ಪೋಸ್ಟ್‌ಸ್ಕ್ರಿಪ್ಟಿನಲ್ಲಿ ಬರೆದರು. ಅದರ ತುಂಬ ಸಣ್ಣಸಣ್ಣ ಅಕ್ಷರ, ಗೆರೆ, ಚೌಕ. ಮುದ್ರಣಕ್ಕೆ ಕೊಟ್ಟರೆ ಪುಟ ಹೊರಬರಲು ನಿಮಿಷಗಳೇ ಬೇಕಾದವು. ಆಪಲ್‌ನ ಸ್ಟೀವ್ ಜಾಬ್ಸ್ ಅವರ ವೇದಿಕೆಯಲ್ಲಿ ಅಷ್ಟು ಹೊತ್ತು ಕಾಯಿಸುವಂತಿರಲಿಲ್ಲ. ವಾರ್ನಾಕ್ ಕಂಡುಕೊಂಡ ಉಪಾಯ ಸರಳ, ಆದರೆ ಅಸಾಧಾರಣ. ಪ್ರೋಗ್ರಾಮನ್ನು ಮೊದಲೇ ಒಮ್ಮೆ ಓಡಿಸಬೇಕು. ಚಿತ್ರಿಸುವ ಆಜ್ಞೆಗಳು ಕಾಗದದ ಮೇಲೆ ಚಿತ್ರಿಸುವ ಬದಲು ತಮ್ಮ ಅಂತಿಮ ಫಲಿತಾಂಶವನ್ನು ಒಂದು ಪಟ್ಟಿಯಾಗಿ ಬರೆದಿಡಬೇಕು. ಈ ಅಕ್ಷರ ಈ ಜಾಗದಲ್ಲಿ, ಈ ಗೆರೆ ಇಲ್ಲಿಂದ ಇಲ್ಲಿಗೆ, ಅಷ್ಟೇ. ಲೆಕ್ಕವೆಲ್ಲ ಮುಗಿದಿದ್ದರಿಂದ ಆ ಪಟ್ಟಿಯನ್ನು ಪ್ರಿಂಟರು ಸೆಕೆಂಡುಗಳ ಲೆಕ್ಕದಲ್ಲಿ ಮುಗಿಸಿತು.

ಆ ಪಟ್ಟಿಯೇ ಪಿಡಿಎಫ್‌ನ ತಿರುಳು. ವಾರ್ನಾಕ್ 1991ರಲ್ಲಿ ಕ್ಯಾಮೆಲಾಟ್ ಎಂಬ ಯೋಜನೆಯ ಟಿಪ್ಪಣಿ ಬರೆದು, ಯಾವ ಕಂಪ್ಯೂಟರಿನಲ್ಲಿ ತೆರೆದರೂ ಒಂದೇ ರೀತಿ ಕಾಣುವ, ಒಂದೇ ರೀತಿ ಅಚ್ಚಾಗುವ ದಾಖಲೆಯ ಕಲ್ಪನೆಯನ್ನು ಮುಂದಿಟ್ಟರು. 1993ರಲ್ಲಿ ಪಿಡಿಎಫ್‌ನ ತಂತ್ರಾಂಶ ಅಕ್ರೊಬ್ಯಾಟ್ ಬಂತು. ಆದರೆ ಮೊದಲ ಪಿಡಿಎಫ್‌ನ ಗುರಿ ಕಚೇರಿಯ ಕಾಗದಪತ್ರ. ಆಫ್‌ಸೆಟ್ ಮುದ್ರಣ ಅದರ ಕಣ್ಣಿಗೆ ಬಿದ್ದಿರಲಿಲ್ಲ. ಓವರ್‌ಪ್ರಿಂಟ್, ಸ್ಪಾಟ್ ಬಣ್ಣಗಳಂಥ ಮುದ್ರಕರ ಅಗತ್ಯಗಳು ಒಳಗೆ ಬಂದದ್ದು 1996ರ ಆವೃತ್ತಿಯಲ್ಲಿ. ಕತ್ತರಿಸಿದ ಪುಟದ ಅಳತೆಯನ್ನೂ ಅದರಾಚೆ ಚಾಚುವ ಬ್ಲೀಡನ್ನೂ ಕಡತವೇ ಹೇಳುವ ವ್ಯವಸ್ಥೆ ಬಂದದ್ದು ಅದರ ಮುಂದಿನ ಆವೃತ್ತಿಯಲ್ಲಿ.

ಮುದ್ರಣಕ್ಕೆ ಕಟ್ಟುನಿಟ್ಟಾದ ನಿಯಮ ತಂದದ್ದು ಅಮೆರಿಕದ ಜಾಹೀರಾತು ವ್ಯವಹಾರ. ಒಂದೇ ಜಾಹೀರಾತು ಹತ್ತಾರು ಪತ್ರಿಕೆಗಳಿಗೆ ಹೋಗುತ್ತಿತ್ತು. ಕಳಿಸುವವರೂ ಅಚ್ಚು ಹಾಕುವವರೂ ಒಬ್ಬರನ್ನೊಬ್ಬರು ಕಂಡವರಲ್ಲ. ಒಂದು ಫೋನ್ ಕರೆಯೂ ಇಲ್ಲದೆ ಸರಿಯಾಗಿ ಅಚ್ಚಾಗುವ ಕಡತ ಬೇಕಿತ್ತು. ಹಾಗೆ ಹುಟ್ಟಿದ ಪಿಡಿಎಫ್/ಎಕ್ಸ್ 1999ರಲ್ಲಿ ಅಮೆರಿಕದ ಮಾನಕವಾಯಿತು, 2001ರಲ್ಲಿ ಪಿಡಿಎಫ್/ಎಕ್ಸ್-1ಎ ಅಂತರರಾಷ್ಟ್ರೀಯ ಮಾನಕವಾಯಿತು. ಇದು ಹೊಸ ಬಗೆಯ ಕಡತವಲ್ಲ, ಪಿಡಿಎಫ್‌ಗೇ ಹಾಕಿದ ಬೇಲಿ. ಫಾಂಟುಗಳೆಲ್ಲ ಒಳಗೇ ಅಡಕವಾಗಿರಬೇಕು, ಪರದೆಯ ಆರ್‌ಜಿಬಿ ಬಣ್ಣ ಕೂಡದು, ಪಾರದರ್ಶಕತೆ ಕೂಡದು, ಯಾವ ಬಗೆಯ ಮುದ್ರಣಕ್ಕೆ ಸಿದ್ಧವಾದದ್ದೆಂದು ಕಡತದಲ್ಲೇ ನಮೂದಾಗಿರಬೇಕು. ಮರುವರ್ಷದ ಎಕ್ಸ್-3 ಪ್ರೊಫೈಲ್ ಇರುವ ಆರ್‌ಜಿಬಿ ಚಿತ್ರಗಳಿಗೆ ಬಾಗಿಲು ತೆರೆಯಿತು, 2008ರ ಎಕ್ಸ್-4 ಪಾರದರ್ಶಕತೆಯನ್ನೂ ಒಪ್ಪಿತು. ಅಲ್ಲಿಯವರೆಗೆ ನೆರಳು, ಮಸುಕುಗಳನ್ನು ಮೊದಲೇ ಚಪ್ಪಟೆ ಮಾಡಬೇಕಾಗುತ್ತಿತ್ತು. ಹಾಗೆ ಮಾಡುವಾಗ ಅಕ್ಷರವೇ ಚಿತ್ರವಾಗಿ ಒರಟಾಗುವುದುಂಟು.

ಕನ್ನಡದ ಮಟ್ಟಿಗೆ ಇವುಗಳಲ್ಲಿ ಜೀವಾಳದ ನಿಯಮ ಫಾಂಟಿನದು. ಯೂನಿಕೋಡ್ 1991ರಲ್ಲೇ ಕನ್ನಡಕ್ಕೆ ಜಾಗ ಕೊಟ್ಟಿದ್ದರೂ ನಮ್ಮ ಡಿಟಿಪಿ ಕೇಂದ್ರಗಳು ಬಹುಕಾಲ ನಡೆದದ್ದು ಪೇಜ್‌ಮೇಕರ್ ಮತ್ತು ಶ್ರೀಲಿಪಿ, ಆಕೃತಿ, ಬರಹ, ನುಡಿಗಳ ಹಳೆಯ ಫಾಂಟುಗಳ ಮೇಲೆ. ಆ ಫಾಂಟುಗಳಲ್ಲಿ ರೋಮನ್ ಅಕ್ಷರಗಳ ಸ್ಥಾನದಲ್ಲಿ ಕನ್ನಡದ ಒತ್ತು, ಕೊಂಬು, ದೀರ್ಘಗಳು ಕೂತಿದ್ದವು. ಕಡತಕ್ಕೆ ಗೊತ್ತಿದ್ದದ್ದು ರೋಮನ್ ಸಂಕೇತ ಮಾತ್ರ. ಅದನ್ನು ಕನ್ನಡವಾಗಿಸುತ್ತಿದ್ದದ್ದು ಫಾಂಟು. ಅದು ಅಡಕವಾಗದೆ ಹೋದರೆ ಅಚ್ಚಿನಮನೆಯ ಯಂತ್ರ ತನ್ನಲ್ಲಿದ್ದ ಕೂರಿಯರ್ ಫಾಂಟನ್ನು ತೊಡಿಸಿಬಿಡುತ್ತಿತ್ತು. ಇಂಗ್ಲಿಷ್ ಪುಟವಾದರೆ ಅಂದ ಕೆಟ್ಟರೂ ಓದಬಹುದು. ಕನ್ನಡ ಪುಟದಲ್ಲಿ ಕವಿತೆ ಹೋಗಿ ಅರ್ಥವಿಲ್ಲದ ರೋಮನ್ ಅಕ್ಷರ, ಚಿಹ್ನೆಗಳ ಸಾಲು ಉಳಿಯುತ್ತಿತ್ತು. ಅಡೋಬಿಯ ಇನ್‌ಡಿಸೈನ್ ಭಾರತೀಯ ಲಿಪಿಗಳನ್ನು ಯೂನಿಕೋಡ್‌ನಲ್ಲಿ ಸರಿಯಾಗಿ ಜೋಡಿಸತೊಡಗಿದ್ದು 2012ರಲ್ಲಿ. ಕನ್ನಡದಂಥ ಭಾಷೆ ಅಷ್ಟು ವರ್ಷ ಕಾಯಬೇಕಾಗಿ ಬಂದದ್ದು ಅನ್ಯಾಯವೇ ಸರಿ.

ನಿಯಮಗಳು ಬಿಗಿಯಾದಷ್ಟೂ ಅಚ್ಚಿನಮನೆಯ ಕಣ್ಣುಗಳು ಕಡಿಮೆಯಾದವು. ಮೊಳೆ ಜೋಡಿಸುವವರು ಸಾಲುಸಾಲನ್ನೂ ಕೈಯಲ್ಲಿ ಮುಟ್ಟುತ್ತಿದ್ದರು. ಆಫ್‌ಸೆಟ್ ಬಂದ ಮೇಲೂ ಬಟರ್ ಪೇಪರ್ ಅಥವಾ ಫಿಲ್ಮನ್ನು ಬೆಳಕಿನ ಮೇಜಿನ ಮೇಲೆ ಹರಡಿ ಪೇಸ್ಟಿಂಗ್ ಮಾಡುವವರು ತಲೆಕೆಳಗಾದ ಚಿತ್ರ, ಬಿಟ್ಟುಹೋದ ಪುಟಸಂಖ್ಯೆಗಳನ್ನು ಹಿಡಿದುಬಿಡುತ್ತಿದ್ದರು. ಈಗಿನ ಸಿಟಿಪಿ (ಕಂಪ್ಯೂಟರ್-ಟು-ಪ್ಲೇಟ್) ಯಂತ್ರ ಕಡತವನ್ನು ನೇರ ಪ್ಲೇಟಿಗೆ ಇಳಿಸುತ್ತದೆ. ಮಧ್ಯೆ ಯಾರೂ ನೋಡುವುದಿಲ್ಲ. ಆ ಅನುಭವಿಗಳ ಜ್ಞಾನವನ್ನು ಬರೆದಿಟ್ಟುಕೊಳ್ಳದೆ ಕಳೆದುಕೊಂಡದ್ದು ಕನ್ನಡ ಮುದ್ರಣಕ್ಕೆ ಆದ ನಿಜವಾದ ನಷ್ಟ. ಅವರು ಹೊತ್ತಿದ್ದ ಕೆಲಸ ಈಗ ಪಿಡಿಎಫ್ ತಯಾರಿಸುವವರ ಪಾಲಿಗೆ ಬಂದಿದೆ.

ಆ ಕೆಲಸ ಅಳತೆಯಿಂದ ಶುರು. ಕನ್ನಡ ಪುಸ್ತಕಗಳಿಗೆ ರೂಢಿಯಾದ 1/8 ಡೆಮಿ ಸುಮಾರು 140 × 216 ಮಿಲಿಮೀಟರ್. ಅಂಚಿನವರೆಗೆ ಬಣ್ಣವಿದ್ದರೆ ನಾಲ್ಕೂ ಬದಿಗೆ 3 ಮಿ.ಮೀ. ಬ್ಲೀಡ್ ಬಿಡಬೇಕು, ಇಲ್ಲದಿದ್ದರೆ ಕಟಿಂಗ್ ಕೂದಲೆಳೆಯಷ್ಟು ಸರಿದರೂ ಬಿಳಿ ಗೆರೆ ಇಣುಕುತ್ತದೆ. ಆಫ್‌ಸೆಟ್‌ನ ಸ್ಕ್ರೀನು ಸಾಮಾನ್ಯವಾಗಿ ಇಂಚಿಗೆ 150 ಗೆರೆ. ಅದರ ದುಪ್ಪಟ್ಟು, ಅಂದರೆ ಅಚ್ಚಾಗುವ ಅಳತೆಯಲ್ಲೇ ಇಂಚಿಗೆ 300 ಪಿಕ್ಸೆಲ್, ಚಿತ್ರದಲ್ಲಿರಬೇಕು. ನಾಲ್ಕೂ ಶಾಯಿ ಸೇರಿದ ಒಟ್ಟು ಪ್ರಮಾಣ ನುಣುಪು ಕಾಗದಕ್ಕೆ ಶೇ 300ರ ಆಸುಪಾಸು, ಸುದ್ದಿಕಾಗದಕ್ಕೆ ಶೇ 240. ಮೀರಿದರೆ ಶಾಯಿ ಒಣಗದೆ ಎದುರು ಪುಟಕ್ಕೆ ಅಂಟುತ್ತದೆ.

ಅತಿ ಹೆಚ್ಚು ಕಡೆಗಣಿಸಲ್ಪಡುವುದು ಕಪ್ಪು ಅಕ್ಷರ. ಆರ್‌ಜಿಬಿಯ ಕಪ್ಪು ಮುದ್ರಣದ ಸಿಎಂವೈಕೆಗೆ ಬದಲಾಗುವಾಗ ನಾಲ್ಕು ಶಾಯಿಗಳಾಗಿ ಒಡೆಯುತ್ತದೆ. ನಾಲ್ಕು ಪ್ಲೇಟು ಒಂದರ ಮೇಲೊಂದು ಕರಾರುವಾಕ್ಕಾಗಿ ಕೂರದಿದ್ದರೆ ಅಕ್ಷರದ ಅಂಚಿಗೆ ಬಣ್ಣದ ನೆರಳು ಬೀಳುತ್ತದೆ. ಮೂಲಾಕ್ಷರಕ್ಕಿಂತ ಎಷ್ಟೋ ಚಿಕ್ಕದಾದ ಒತ್ತಕ್ಷರಗಳು ಮೊದಲು ಮುಚ್ಚಿಹೋಗುತ್ತವೆ. ಪಠ್ಯಕ್ಕೆ ಶೇ 100 ಕಪ್ಪು ಶಾಯಿಯೊಂದೇ ಇರಬೇಕು. ಅಕ್ರೊಬ್ಯಾಟ್‌ನ ಔಟ್‌ಪುಟ್ ಪ್ರಿವ್ಯೂನಲ್ಲಿ ಕಪ್ಪಿನ ಗುರುತನ್ನು ತೆಗೆದು ನೋಡಿದರೆ ಪರೀಕ್ಷೆ ಮುಗಿಯಿತು: ಪಠ್ಯವೆಲ್ಲ ಮಾಯವಾದರೆ ಪುಟ ಸರಿ, ಮಸುಕಾಗಿಯಾದರೂ ಉಳಿದರೆ ಆ ಅಕ್ಷರಗಳು ಬೇರೆ ಪ್ಲೇಟಿಗೂ ಹೋಗುತ್ತಿವೆ.