ಕತ್ತರಿ ಮೊಂಡಾದ ರಕ್ತ

೧೯೨೪ರಲ್ಲಿ ನ್ಯೂಯಾರ್ಕಿನ ವೈದ್ಯ ಎಲೈ ಮಾಸ್ಕೊವಿಟ್ಜ್ ಅವರು ಅಪೂರ್ವ ವ್ಯಾಧಿಯೊಂದನ್ನು ವರದಿ ಮಾಡಿದರು. ೧೬ ವರ್ಷದ ಬಾಲೆಯೊಬ್ಬಳಿಗೆ ಜ್ವರ, ರಕ್ತಹೀನತೆ, ಚರ್ಮದ ಮೇಲೆ ಕೆನ್ನೀಲಿ ಚುಕ್ಕೆಗಳು. ಸುಮಾರು ಎರಡು ವಾರಗಳಲ್ಲಿ ಮರಣ. ಶವಪರೀಕ್ಷೆಯಲ್ಲಿ, ಹೃದಯವೂ ಸೇರಿದಂತೆ ಹಲವು ಅಂಗಗಳ ಅತಿಸಣ್ಣ ನಾಳಗಳು ಹೆಪ್ಪುಗಟ್ಟಿ ಮುಚ್ಚಿದ್ದವು.

ಈ ವ್ಯಾಧಿಗೆ ಇಂದು ಟಿ.ಟಿ.ಪಿ. ಎಂದು ಹೆಸರು. ಗಾಯದ ರಕ್ತವನ್ನು ತಡೆಯಲು ನೆರವಾಗುವ ನೀಳವಾದ ಪ್ರೋಟೀನಿನ ಎಳೆಗಳು ರಕ್ತದಲ್ಲಿವೆ. ಆಡಮ್‌ಟ್ಸ್-೧೩ ಎಂಬ ಕಿಣ್ವವು ಕತ್ತರಿಯಂತೆ ಅವುಗಳನ್ನು ತುಂಡರಿಸುತ್ತಿರುತ್ತದೆ. ದೇಹರಕ್ಷಣೆಗೆ ಹುಟ್ಟಿದ ಪ್ರತಿಕಾಯಗಳೇ ಈ ಕತ್ತರಿಯ ಮೇಲೆ ಬಿದ್ದರೆ? ಬೇಲಿಯೇ ಎದ್ದು ಹೊಲ ಮೇಯ್ದಂತೆ! ತುಂಡಾಗದ ಎಳೆಗಳಿಗೆ ಪ್ಲೇಟ್‌ಲೆಟ್ ಕಣಗಳು ಅಂಟಿ ಹೆಪ್ಪಾಗುತ್ತವೆ. ಕಣಗಳು ಅಲ್ಲೇ ವ್ಯಯವಾಗುವುದರಿಂದ ಚರ್ಮದಡಿ ರಕ್ತ ಒಸರುತ್ತದೆ. ಒಳಗೆ ಹೃದಯದ ಸ್ನಾಯುವು ರಕ್ತ ಸಾಲದೆ ಬಳಲುತ್ತದೆ. ದೊಡ್ಡ ನಾಳಗಳು ತೆರೆದಿದ್ದರೂ ಹೃದಯಕ್ಕೆ ಆಘಾತವಾಗಬಹುದು. ಆದುದರಿಂದಲೇ ಎದೆನೋವಿಲ್ಲದ ರೋಗಿಗೂ ವೈದ್ಯರು ಇ.ಸಿ.ಜಿ., ಟ್ರೋಪೋನಿನ್ ಪರೀಕ್ಷೆಗಳನ್ನು ಮಾಡಿಸುತ್ತಾರೆ.

ಚಿಕಿತ್ಸೆಯಿಲ್ಲದ ಕಾಲದಲ್ಲಿ ೧೦೦ರಲ್ಲಿ ಸುಮಾರು ೯೦ ಮಂದಿ ಸಾಯುತ್ತಿದ್ದರು. ರೋಗಿಯ ಪ್ಲಾಸ್ಮಾವನ್ನು ತೆಗೆದು ದಾನಿಗಳ ಪ್ಲಾಸ್ಮಾವನ್ನು ತುಂಬುವ ವಿಧಾನದ ಮೇಲ್ಮೆಯು ೧೯೯೧ರಲ್ಲಿ ಪ್ರಕಟವಾದ ಪ್ರಯೋಗದಿಂದ ಸಿದ್ಧವಾಯಿತು. ಇಂದು ಸಕಾಲದಲ್ಲಿ ಚಿಕಿತ್ಸೆ ದೊರೆತ ಬಹುಪಾಲು ರೋಗಿಗಳು ಬದುಕುತ್ತಾರೆ. ಕಾರಣವಿಲ್ಲದೆ ಕೆನ್ನೀಲಿ ಚುಕ್ಕೆಗಳೆದ್ದು, ಜೊತೆಗೆ ಜ್ವರವೋ ಮಂಪರೋ ಕಂಡರೆ, ನಾಳೆ ನೋಡೋಣವೆನ್ನದೆ ಅಂದೇ ಆಸ್ಪತ್ರೆಗೆ ಧಾವಿಸುವುದು ಲೇಸು.