ವಾಸಿಯಾಗದ ಕಿವಿ ತುರಿಕೆ: ಔಷಧವೇ ಒಗ್ಗದಿದ್ದರೆ?

ಬೊಮ್ಮನಹಾಳ್, ಕಣೇಕಲ್ಲು ಕಡೆಯವರಿಗೆ ಮರಳಿನ ಪರಿಚಯ ಹೇಳಬೇಕಾಗಿಲ್ಲ. ಮುಂಗಾರಿನ ಗಾಳಿ ಎದ್ದರೆ ಹಗರಿಯ ಮರಳು ಹೊಲಕ್ಕೂ ಬರುತ್ತದೆ, ಅಂಗಡಿಯ ಗಲ್ಲಾಪೆಟ್ಟಿಗೆಗೂ ಬರುತ್ತದೆ. ಧೂಳು, ಬೆವರು ಸೇರಿ ಕಿವಿ ತುರಿಸುತ್ತದೆ. ಗಿರಾಕಿಗಳಿಲ್ಲದ ಹೊತ್ತಿನಲ್ಲಿ ಪೆನ್ನಿನ ಮುಚ್ಚಳವೋ, ಬೀಗದ ಕೈಯೋ, ಬೆಂಕಿಕಡ್ಡಿಯೋ ಕಿವಿಗೆ ಹೋಗುತ್ತದೆ. ಹೆಂಗಸರ ಕೈಯಲ್ಲಿ ಹೇರ್‌ಪಿನ್ನು. ನಾವೆಲ್ಲರೂ ಮಾಡುವ ತಪ್ಪೇ ಇದು.

ದೊಡ್ಡವರ ಕಿವಿಯ ಹೊರನಾಳ ಸುಮಾರು 2.5 ಸೆಂಟಿಮೀಟರ್ ಉದ್ದ. ಅದರೊಳಗಿನ ಗುಗ್ಗೆ ಬರೀ ಕೊಳೆಯಲ್ಲ. ತುಸು ಆಮ್ಲಗುಣದ ಈ ಮೇಣ ನೀರನ್ನೂ ರೋಗಾಣುಗಳನ್ನೂ ತಡೆಯುತ್ತದೆ. ಅದನ್ನು ಕೆರೆದು ತೆಗೆದರೆ ಚರ್ಮಕ್ಕೆ ಗಾಯವಾಗಿ ಉರಿಯೂತ ಬರುತ್ತದೆ.

ಇದು ಮೂರು ತಿಂಗಳಾದರೂ ಹೋಗದಿದ್ದರೆ, ಅಥವಾ ಮತ್ತೆ ಮತ್ತೆ ಬಂದರೆ, ಅಲರ್ಜಿ ಇದೆಯೇ ಎಂದು ನೋಡಬೇಕು. ರೋಲ್ಡ್‌ಗೋಲ್ಡ್ ಓಲೆಯಲ್ಲಿರುವ ನಿಕಲ್, ತಲೆಗೂದಲ ಬಣ್ಣ, ಶಾಂಪೂ, ಶ್ರವಣಯಂತ್ರದ ಅಚ್ಚು ಕೆಲವರಿಗೆ ಒಗ್ಗುವುದಿಲ್ಲ. ಅಚ್ಚರಿಯ ಸಂಗತಿ ಎಂದರೆ, ಕಿವಿಗೆ ಹಾಕುವ ಹನಿಗಳೇ ಅಲರ್ಜಿ ತರಬಹುದು. ಹಲವು ಹನಿಗಳಲ್ಲಿರುವ ನಿಯೋಮೈಸಿನ್ ಇದಕ್ಕೆ ಹೆಸರಾದದ್ದು. ಹನಿ ಹಾಕಿದಷ್ಟೂ ತುರಿಕೆ ಏರುತ್ತದೆ; ಔಷಧ ಹರಿದ ದಾರಿಯಲ್ಲೇ, ಕಿವಿಯ ಹಾಲೆಯವರೆಗೂ ಚರ್ಮ ಕೆಂಪಾಗುತ್ತದೆ. ನಾವಾದರೋ ರೋಗ ಹೆಚ್ಚಿತೆಂದು ಅದೇ ಸೀಸೆಯನ್ನು ಮತ್ತೆ ಕೊಳ್ಳುತ್ತೇವೆ!

ಕಾರಣ ತಿಳಿಯಲು ಚರ್ಮತಜ್ಞರು ಪ್ಯಾಚ್ ಟೆಸ್ಟ್ ಮಾಡುತ್ತಾರೆ. ಬೆನ್ನಿಗೆ ಸಣ್ಣ ಪಟ್ಟಿಗಳನ್ನು ಅಂಟಿಸಿ, 2 ದಿನದ ಬಳಿಕ ತೆಗೆದು ನೋಡಿ, ಇನ್ನೆರಡು ದಿನ ಬಿಟ್ಟು ಮತ್ತೊಮ್ಮೆ ನೋಡುತ್ತಾರೆ. ಒಗ್ಗದ ವಸ್ತುವನ್ನು ಬಿಡುವುದೇ ಮುಖ್ಯ ಚಿಕಿತ್ಸೆ. ಬೂಷ್ಟು, ಇಸುಬು ಕೂಡ ಹೀಗೆಯೇ ಕಾಡುವುದರಿಂದ ಕಿವಿತಜ್ಞರಿಗೂ ತೋರಿಸಬೇಕು. ತಮಟೆ ತೂತಾಗಿದ್ದರೆ ಕೆಲವು ಹನಿಗಳಿಂದ ಶ್ರವಣಶಕ್ತಿಗೇ ಅಪಾಯ. ಆದ್ದರಿಂದ ಕೇಳದೆ ಹನಿಯನ್ನಾಗಲಿ, ಕಾಯಿಸಿದ ಎಣ್ಣೆಯನ್ನಾಗಲಿ ಹಾಕಬಾರದು.

ಸಕ್ಕರೆ ಕಾಯಿಲೆಯ ಹಿರಿಯರ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ರಾತ್ರಿ ನಿದ್ದೆ ಕೆಡಿಸುವಂಥ ಕಿವಿನೋವು, ಸೋರುವಿಕೆ ಇದ್ದರೆ ಸೋಂಕು ಮೂಳೆಗೆ ಇಳಿದಿರಬಹುದು. ಅಂಥವರನ್ನು ಅಂದೇ ಆಸ್ಪತ್ರೆಗೆ ಕರೆದೊಯ್ಯಬೇಕು.

ನಷ್ಟ ಎಲ್ಲಿಂದ ಬಂತೆಂದು ಕಿರ್ದಿ ತಿರುವಿ ನೋಡುವವರು ನಾವು. ಕಿವಿಗೂ ಹಾಗೆಯೇ ಒಂದು ಲೆಕ್ಕ ಇಡೋಣ: ಯಾವ ಓಲೆ, ಯಾವ ಬಣ್ಣ, ಯಾವ ಹನಿ, ಯಾವಾಗ ತುರಿಕೆ. ಆ ಚೀಟಿಯನ್ನು ವೈದ್ಯರ ಮುಂದಿಟ್ಟರೆ ಅರ್ಧ ಕೆಲಸ ಮುಗಿದಂತೆ. ಬೀಗದ ಕೈ ಬೀಗಕ್ಕೇ ಇರಲಿ.