ಸೈಕಲ್ ಸವಾರರು ಮತ್ತು ಹಳೆಯ ಹೆದ್ದಾರಿಯ ವ್ಯಾಪಾರ: ಮಂಚನಬೆಲೆ, ಕಣ್ವ ಮಾರ್ಗಗಳ ಲೆಕ್ಕಾಚಾರ

ರಸ್ತೆ ಬದಲಾದರೆ ವ್ಯಾಪಾರವೂ ಬದಲಾಗುತ್ತದೆ ಎಂಬುದು ವಾಣಿಜ್ಯದ ಹಳೆಯ ಪಾಠ. ಈ ಪಾಠವನ್ನು ಬಿಡದಿ, ರಾಮನಗರ ಹಾಗೂ ಚನ್ನಪಟ್ಟಣದ ವರ್ತಕರು ಇತ್ತೀಚಿನ ವರ್ಷಗಳಲ್ಲಿ ಸ್ವಂತ ಗಲ್ಲಾಪೆಟ್ಟಿಗೆಯಿಂದಲೇ ಕಲಿತಿದ್ದಾರೆ. 2023ರ ಮಾರ್ಚ್ 12ರಂದು ಬೆಂಗಳೂರು–ಮೈಸೂರು ದಶಪಥ ಹೆದ್ದಾರಿಯನ್ನು ಪ್ರಧಾನ ಮಂತ್ರಿಗಳು ಲೋಕಾರ್ಪಣೆ ಮಾಡಿದರು. ರಾಮನಗರ, ಚನ್ನಪಟ್ಟಣಗಳನ್ನು ಬಳಸಿ ಹೋಗುವ ಬೈಪಾಸ್ ಒಂದೇ ಸುಮಾರು 22 ಕಿಲೋಮೀಟರ್ ಉದ್ದವಿದೆ. ಊರೊಳಗೆ ನಿಂತು ತಟ್ಟೆ ಇಡ್ಲಿ ತಿಂದು, ಮಕ್ಕಳಿಗೊಂದು ಬಣ್ಣದ ಬೊಂಬೆ ಕೊಂಡು ಮುಂದೆ ಸಾಗುತ್ತಿದ್ದ ಕಾರುಗಳಲ್ಲಿ ಬಹುಪಾಲು ಈಗ ಊರಿನ ಹೊರಗಿನಿಂದಲೇ ಹಾದುಹೋಗುತ್ತವೆ. ಪ್ರಯಾಣಿಕರ ಸಮಯ ಉಳಿದಿದೆ ಎಂಬುದು ನಿಜ. ಆದರೆ ಆ ಉಳಿತಾಯದ ಒಂದಂಶ ಹಳೆಯ ರಸ್ತೆಯ ಅಂಗಡಿಗಳ ಖಾತೆಯಲ್ಲಿ ನಷ್ಟವಾಗಿ ದಾಖಲಾಗಿದೆ.

ಇದೇ ಹೆದ್ದಾರಿಯ ಮುಖ್ಯ ಪಥಗಳಲ್ಲಿ 2023ರ ಆಗಸ್ಟ್ 1ರಿಂದ ದ್ವಿಚಕ್ರ ವಾಹನ, ಆಟೋರಿಕ್ಷಾ, ಟ್ರ್ಯಾಕ್ಟರ್ ಹಾಗೂ ಯಂತ್ರರಹಿತ ವಾಹನಗಳ ಸಂಚಾರವನ್ನು ನಿಷೇಧಿಸಲಾಯಿತು. ಸೈಕಲ್ ಕೂಡ ಯಂತ್ರರಹಿತ ವಾಹನವೇ. ಸುರಕ್ಷತೆಯ ದೃಷ್ಟಿಯಿಂದ ಕೈಗೊಂಡ ಈ ಕ್ರಮದ ಇನ್ನೊಂದು ಮುಖವನ್ನು ವರ್ತಕರು ಅಷ್ಟಾಗಿ ಗಮನಿಸಿದಂತಿಲ್ಲ. ಊರೊಳಗಿನ ರಸ್ತೆಯಲ್ಲಿ, ಸೇವಾ ರಸ್ತೆಯಲ್ಲಿ, ಹಳ್ಳಿಯ ದಾರಿಯಲ್ಲಿಯೇ ಬರಬೇಕಾದ ಗ್ರಾಹಕನೊಬ್ಬ ಇನ್ನೂ ಉಳಿದಿದ್ದಾನೆ. ಆತನೇ ಬೆಂಗಳೂರಿನ ಸೈಕಲ್ ಸವಾರ.

ಹೊಸ ಬಗೆಯ ಗ್ರಾಹಕ

ಕಳೆದ ಎರಡು ದಶಕಗಳಲ್ಲಿ ಬೆಂಗಳೂರಿನಲ್ಲಿ ಗೇರ್ ಸೈಕಲ್ಲಿನ ಹವ್ಯಾಸ ಗಣನೀಯವಾಗಿ ಬೆಳೆದಿದೆ. ‘ಟೂರ್ ಆಫ್ ನೀಲಗಿರೀಸ್’ ಎಂಬ ದೂರದ ಸೈಕಲ್ ಯಾತ್ರೆ ಆರಂಭವಾದದ್ದು 2008ರಲ್ಲಿ. ‘ಬ್ರೆವೆ’ ಎಂಬ ಹೆಸರಿನ ದೀರ್ಘ ಸವಾರಿಗಳೂ ಇಲ್ಲಿ ಬೇರೂರಿವೆ. ಇದರಲ್ಲಿ ಸ್ಪರ್ಧೆಯಿಲ್ಲ, ಕಾಲಮಿತಿ ಮಾತ್ರ ಇದೆ. 200 ಕಿಲೋಮೀಟರನ್ನು ಹದಿಮೂರೂವರೆ ಗಂಟೆಯೊಳಗೆ, 300 ಕಿಲೋಮೀಟರನ್ನು 20 ಗಂಟೆಯೊಳಗೆ, 600 ಕಿಲೋಮೀಟರನ್ನು 40 ಗಂಟೆಯೊಳಗೆ ಕ್ರಮಿಸಬೇಕು. ಇಂತಹ ಸವಾರಿಗಳಿಗೆ ಅಭ್ಯಾಸ ಮಾಡಬಯಸುವವನು ಪ್ರತಿ ವಾರ 80ರಿಂದ 120 ಕಿಲೋಮೀಟರ್ ತುಳಿಯಬೇಕಾಗುತ್ತದೆ. ಬೆಂಗಳೂರಿನಿಂದ ರಾಮನಗರ ಸುಮಾರು 50, ಚನ್ನಪಟ್ಟಣ ಸುಮಾರು 60 ಕಿಲೋಮೀಟರ್ ದೂರದಲ್ಲಿವೆ. ಹೋಗಿ ಬರುವ ದೂರ ಈ ಅಭ್ಯಾಸಕ್ಕೆ ಹೇಳಿ ಮಾಡಿಸಿದಂತಿದೆ.

2007ರ ಆಗಸ್ಟ್‌ನಲ್ಲಿ ರಚನೆಯಾಗಿ, 2025ರಲ್ಲಿ ಬೆಂಗಳೂರು ದಕ್ಷಿಣ ಎಂಬ ಹೊಸ ಹೆಸರು ಪಡೆದ ರಾಮನಗರ ಜಿಲ್ಲೆಗೆ ಪ್ರಕೃತಿಯೂ ಅನುಕೂಲವಾಗಿದೆ. ನಂದಿಬೆಟ್ಟದಲ್ಲಿ ಹುಟ್ಟುವ ಅರ್ಕಾವತಿಯು ತಿಪ್ಪಗೊಂಡನಹಳ್ಳಿ ಜಲಾಶಯವನ್ನು ದಾಟಿ, ಮಾಗಡಿ ತಾಲ್ಲೂಕಿನ ಮಂಚನಬೆಲೆಯಲ್ಲಿ ಮತ್ತೆ ಜಲಾಶಯವಾಗಿ ನಿಲ್ಲುತ್ತದೆ. ಅನಂತರ ರಾಮನಗರದ ಮೂಲಕ ಹರಿದು, ಕನಕಪುರ ತಾಲ್ಲೂಕಿನ ಹಾರೋಬೆಲೆಯಲ್ಲಿ ಇನ್ನೊಮ್ಮೆ ತಂಗಿ, ಸಂಗಮದಲ್ಲಿ ಕಾವೇರಿಯನ್ನು ಸೇರುತ್ತದೆ. ಚನ್ನಪಟ್ಟಣ ತಾಲ್ಲೂಕಿನಲ್ಲಿ 1946ರಲ್ಲಿ ನಿರ್ಮಾಣವಾದ ಕಣ್ವ ಜಲಾಶಯವಿದೆ. ಬಂಡೆಯ ಬೆಟ್ಟ, ನೀರು, ಮಾವಿನ ತೋಪು, ಹಿಪ್ಪುನೇರಳೆಯ ತೋಟ ಇವುಗಳ ನಡುವಿನ ಏರಿಳಿತದ ಹಳ್ಳಿರಸ್ತೆಯೇ ಸವಾರನಿಗೆ ಬೇಕಾದ ಸರಕು.

ಮೂರು ಮಾರ್ಗಗಳು

ಮೊದಲನೆಯದು ಮಂಚನಬೆಲೆಯ ಮಾರ್ಗ. ಮೈಸೂರು ರಸ್ತೆಯಿಂದ ರಾಮೋಹಳ್ಳಿಯ ಕಡೆಗೆ ತಿರುಗಿದರೆ ಕೇತೋಹಳ್ಳಿಯ ದೊಡ್ಡ ಆಲದ ಮರ ಸಿಗುತ್ತದೆ. ಸುಮಾರು ಮೂರು ಎಕರೆ ಹರಡಿರುವ ಈ ಮರ ಸವಾರರ ಮೊದಲ ತಂಗುದಾಣ. ಅಲ್ಲಿಂದ ಮುಂದೆ ಮಂಚನಬೆಲೆಯ ನೀರು, ಅದರಾಚೆ 1,226 ಮೀಟರ್ ಎತ್ತರದ ಸಾವನದುರ್ಗದ ಬಂಡೆ ಕಾಣುತ್ತವೆ. ಕೆಂಪೇಗೌಡರ ಮಾಗಡಿಯನ್ನು ತಲುಪಿ, ತಾವರೆಕೆರೆಯ ಮೇಲೆ ಮಾಗಡಿ ರಸ್ತೆಯಲ್ಲಿ ಬೆಂಗಳೂರಿಗೆ ಹಿಂದಿರುಗಿದರೆ ಒಂದು ಸುತ್ತು ಪೂರ್ಣವಾಗುತ್ತದೆ. ಬಂದ ದಾರಿಯಲ್ಲೇ ಮರಳುವ ಅಗತ್ಯವಿಲ್ಲದಿರುವುದು ಈ ಮಾರ್ಗದ ದೊಡ್ಡ ಆಕರ್ಷಣೆ. ಆದರೆ ಜಲಾಶಯದಲ್ಲಿ ಈಜಲು ಇಳಿದು ಪ್ರಾಣ ಕಳೆದುಕೊಂಡವರು ಅನೇಕರಿದ್ದಾರೆ. ನೀರನ್ನು ದಡದಿಂದ ನೋಡಿ ತೃಪ್ತಿಪಡುವುದೇ ಲೇಸು.

ಎರಡನೆಯದು ಕಣ್ವದ ಮಾರ್ಗ. ರಾಮನಗರದಿಂದ ಹಳೆಯ ಹೆದ್ದಾರಿಯಲ್ಲಿ ಜಾನಪದ ಲೋಕವನ್ನು ದಾಟಿ, ಆಂಜನೇಯನ ದೇವಾಲಯವಿರುವ ಕೆಂಗಲ್ ತಲುಪಿ, ಅಲ್ಲಿಂದ ಬಲಕ್ಕೆ ಹಳ್ಳಿಗಳ ನಡುವೆ ಸಾಗಿದರೆ ಕಣ್ವ ಜಲಾಶಯ ಸಿಗುತ್ತದೆ. ಮರಳುವಾಗ ಚನ್ನಪಟ್ಟಣಕ್ಕೆ ಇಳಿಯಬಹುದು. ಬೈಪಾಸಿನಿಂದ ಪೆಟ್ಟು ತಿಂದ ಅಂಗಡಿಸಾಲು ಈ ಮಾರ್ಗದಲ್ಲೇ ಇರುವುದು ವರ್ತಕರು ಗಮನಿಸಬೇಕಾದ ಅಂಶ.

ಮೂರನೆಯದು ಕನಕಪುರ, ಸಾತನೂರುಗಳ ಮೇಲೆ ಸಂಗಮದ ಕಡೆಗೆ ಹೋಗುವ ದಾರಿ. ಇದು ದೀರ್ಘವಾದದ್ದು, ಕಾಡಿನಂಚಿನದು. ಆನೆಗಳ ಓಡಾಟವಿರುವುದರಿಂದ ಬೆಳಕು ಹರಿಯುವ ಮುನ್ನ ಮತ್ತು ಕತ್ತಲಾದ ಮೇಲೆ ಇಲ್ಲಿ ಸವಾರಿ ಸಲ್ಲದು. ಅನುಭವಿಗಳಿಗೆ ಮಾತ್ರ ಇದು ಯೋಗ್ಯ.

ಸವಾರನಿಗೆ ಬೇಕಾದುದೇನು?

ಈ ಗ್ರಾಹಕನ ಅಗತ್ಯಗಳು ಕಾರಿನ ಗ್ರಾಹಕನ ಅಗತ್ಯಗಳಿಗಿಂತ ಭಿನ್ನ. ಆತನಿಗೆ ವಿಶಾಲವಾದ ವಾಹನ ನಿಲುಗಡೆ ಬೇಡ, ಹವಾನಿಯಂತ್ರಿತ ಕೊಠಡಿ ಬೇಡ. ಮೊದಲನೆಯದಾಗಿ ಬೆಳಿಗ್ಗೆ ಆರೂವರೆಯಿಂದ ಒಂಬತ್ತರೊಳಗೆ ಬಿಸಿ ತಿಂಡಿ ಬೇಕು. ಬಿಸಿಲೇರುವ ಮುನ್ನ ಆತ ಊರು ಸೇರಬಯಸುತ್ತಾನೆ. ಹತ್ತು ಗಂಟೆಗೆ ಬಾಗಿಲು ತೆರೆಯುವ ಅಂಗಡಿಗೆ ಸೈಕಲ್ ಸವಾರ ಎಂದೂ ಗ್ರಾಹಕನಾಗಲಾರ. ಎರಡನೆಯದಾಗಿ ಶುದ್ಧ ನೀರು ಮತ್ತು ಸ್ವಚ್ಛ ಶೌಚಾಲಯ ಬೇಕು. ಮಹಿಳಾ ಸವಾರರು ಯಾವ ಮಾರ್ಗವನ್ನು ಆರಿಸಿಕೊಳ್ಳುತ್ತಾರೆ ಎಂಬುದು ಬಹುಮಟ್ಟಿಗೆ ಈ ಒಂದು ಸೌಲಭ್ಯವನ್ನೇ ಅವಲಂಬಿಸಿರುತ್ತದೆ. ಮೂರನೆಯದಾಗಿ ಕಣ್ಣಳತೆಯಲ್ಲಿ ಸೈಕಲ್ ಒರಗಿಸಲು ಜಾಗ ಬೇಕು. ಈ ಸೈಕಲ್ಲುಗಳ ಬೆಲೆ ಹಲವು ವೇಳೆ ಮೋಟಾರು ಬೈಕಿನ ಬೆಲೆಗೆ ಸಮನಾಗಿರುತ್ತದೆ. ಅದು ಕಣ್ಣಿಗೆ ಕಾಣದಿದ್ದರೆ ಸವಾರ ನೆಮ್ಮದಿಯಿಂದ ಕುಳಿತು ಎರಡನೆಯ ಕಾಫಿ ಕುಡಿಯಲಾರ.

ನಾಲ್ಕನೆಯ ಅಗತ್ಯ ಚಿಕ್ಕದಾದರೂ ನಿರ್ಣಾಯಕವಾದುದು. ರಸ್ತೆ ಸೈಕಲ್ಲಿನ ತೆಳುವಾದ ಟೈರಿಗೆ ಗಾಳಿ ಹೆಚ್ಚಿನ ಒತ್ತಡದಲ್ಲಿರಬೇಕು. ಅದರ ಟ್ಯೂಬಿನ ವಾಲ್ವ್ ‘ಪ್ರೆಸ್ಟಾ’ ಎಂಬ ಸಪುರ ಜಾತಿಯದು. ಊರಿನ ಪಂಕ್ಚರ್ ಅಂಗಡಿಯ ಕಂಪ್ರೆಸರ್ ಪೈಪು ಅದಕ್ಕೆ ಹೊಂದುವುದಿಲ್ಲ. ಹೆಬ್ಬೆರಳ ಉಗುರಿನಷ್ಟಿರುವ ಹಿತ್ತಾಳೆಯ ಅಡಾಪ್ಟರ್ ಒಂದನ್ನು ತಿರುಗಿಸಿ ಕೂರಿಸಿದರೆ ಅದೇ ಪೈಪಿನಿಂದ ಗಾಳಿ ತುಂಬಬಹುದು. ಈ ಅಲ್ಪ ಬೆಲೆಯ ವಸ್ತು ಇಲ್ಲದ ಕಾರಣಕ್ಕೆ ಸವಾರನೊಬ್ಬ ಟೆಂಪೋ ಹಿಡಿದು ಮನೆಗೆ ಮರಳಿದರೆ, ಆ ಮಾರ್ಗಕ್ಕೆ ಆತನ ಸಂಗಡಿಗರು ಮತ್ತೆ ಬರುವ ಮುನ್ನ ಯೋಚಿಸುತ್ತಾರೆ.

ಲಾಭದ ನಿಜವಾದ ಅಳತೆ

ಹೊಸ ಅವಕಾಶವೊಂದು ಕಂಡಾಗ ಅದನ್ನು ಹಿಗ್ಗಿಸಿ ನೋಡುವುದು ಮನುಷ್ಯಸಹಜ. ಆದುದರಿಂದ ಒಂದು ಊಹಾತ್ಮಕ ಲೆಕ್ಕವನ್ನು ಪರಿಶೀಲಿಸುವುದು ಒಳಿತು. ಒಂದು ಮಾರ್ಗದಲ್ಲಿ ಭಾನುವಾರಕ್ಕೆ 50 ಸವಾರರು ಬಂದು, ತಿಂಡಿ, ಕಾಫಿ, ಎಳನೀರುಗಳಿಗೆ ತಲಾ 200 ರೂಪಾಯಿ ವೆಚ್ಚ ಮಾಡುತ್ತಾರೆ ಎಂದಿಟ್ಟುಕೊಳ್ಳೋಣ. ದಿನದ ವಹಿವಾಟು 10,000 ರೂಪಾಯಿ. ಮಳೆ, ಹಬ್ಬಗಳಿಗಾಗಿ 12 ಭಾನುವಾರಗಳನ್ನು ಬಿಟ್ಟರೆ ವರ್ಷಕ್ಕೆ 40 ಭಾನುವಾರ, ಅಂದರೆ 4,00,000 ರೂಪಾಯಿ. ಇದು ಐದು ಅಂಗಡಿಗಳಿಗೆ ಸಮನಾಗಿ ಹಂಚಿಹೋದರೆ ತಲಾ 80,000 ರೂಪಾಯಿ. ಶೇಕಡಾ 35ರ ಒಟ್ಟು ಲಾಭಾಂಶದಲ್ಲಿ ಒಂದು ಅಂಗಡಿಗೆ ಸಿಗುವುದು ವರ್ಷಕ್ಕೆ 28,000 ರೂಪಾಯಿ, ಭಾನುವಾರಕ್ಕೆ 700 ರೂಪಾಯಿ.

ಈ ಅಂಕಿಯಿಂದ ಎರಡು ಪಾಠಗಳು ಹೊರಡುತ್ತವೆ. ಸೈಕಲ್ ಸವಾರರನ್ನು ನಂಬಿ 5 ಲಕ್ಷ ರೂಪಾಯಿ ಸಾಲ ತಂದು ಹೊಸ ಕಟ್ಟಡ ಕಟ್ಟುವವನಿಗೆ ಶೇಕಡಾ 10ರ ದರದಲ್ಲಿ ಮೊದಲ ವರ್ಷದ ಬಡ್ಡಿಯೇ 50,000 ರೂಪಾಯಿಯಾಗುತ್ತದೆ. ಆ ಸಾಹಸ ಖಂಡಿತ ಬೇಡ. ಆದರೆ ಒಳ್ಳೆಯ ಪಂಪು, ಅಡಾಪ್ಟರ್, ಪಂಕ್ಚರ್ ಸಾಮಗ್ರಿ, ಸೈಕಲ್ ಒರಗಿಸುವ ಕಬ್ಬಿಣದ ಅಡ್ಡಪಟ್ಟಿ, ಇರುವ ಶೌಚಾಲಯದ ಸಣ್ಣ ದುರಸ್ತಿ ಇವಿಷ್ಟಕ್ಕೆ 6,000 ರೂಪಾಯಿ ಹಾಕುವವನ ಬಂಡವಾಳ ಒಂಬತ್ತು ಭಾನುವಾರಗಳಲ್ಲಿ ಹಿಂದಿರುಗುತ್ತದೆ. ಹೋದ ಕಾರುಗಳ ನಷ್ಟವನ್ನು ಸೈಕಲ್ ತುಂಬಿಕೊಡಲಾರದು. ಆದರೆ ವಾರದಲ್ಲಿ ಒಂದು ಮುಂಜಾನೆಯಾದರೂ ಒಲೆ ಹೊತ್ತಿಸಲು ಅದು ಕಾರಣವಾಗಬಲ್ಲದು. ಬಾಡಿಗೆ ಹೇಗೂ ಕಟ್ಟುತ್ತಿರುವ ಅಂಗಡಿಗೆ ಇದು ಹೆಚ್ಚುವರಿ ಆದಾಯ.

ಬೊಂಬೆ ವರ್ತಕರ ಸಮಸ್ಯೆ ಸ್ವಲ್ಪ ಬೇರೆ. ಆಲೆಮರದ ಕುದುರೆಯನ್ನು ಬೆನ್ನಿಗೆ ಕಟ್ಟಿಕೊಂಡು 60 ಕಿಲೋಮೀಟರ್ ತುಳಿಯುವವರಿಲ್ಲ. ಸವಾರನ ಅಂಗಿಯ ಹಿಂಜೇಬಿನಲ್ಲಿ ಹಿಡಿಯುವ ಬುಗುರಿ, ಗಿಲಕಿ, ಕೀಲಿಗೊಂಚಲುಗಳನ್ನು ಮುಂದಿಡುವುದು ಒಂದು ಉಪಾಯ. ದೊಡ್ಡ ಬೊಂಬೆಗಳನ್ನು ಆತ ಅಂಗಡಿಯಲ್ಲಿ ಆರಿಸಿ ಹಣ ಕೊಟ್ಟು, ಅವು ಅಂಚೆ ಅಥವಾ ಕೊರಿಯರ್ ಮೂಲಕ ಮನೆ ತಲುಪುವಂತೆ ಏರ್ಪಾಡು ಮಾಡುವುದು ಇನ್ನೊಂದು. ಈ ಏರ್ಪಾಡು ಒಮ್ಮೆ ರೂಢಿಯಾದರೆ ಸವಾರನ ನೆರೆಹೊರೆಯವರೂ ಗ್ರಾಹಕರಾಗಬಹುದು. ಭೌಗೋಳಿಕ ಸೂಚಿಕೆಯ ಮಾನ್ಯತೆ ಪಡೆದ ಚನ್ನಪಟ್ಟಣದ ಬೊಂಬೆಗೆ ಹೆಸರಿನ ಬಲ ಆಗಲೇ ಇದೆ.

ತೆರಿಗೆಯ ಭಯ ಬೇಡ, ಲೆಕ್ಕ ಬೇಕು

ಸೈಕಲ್ ಸವಾರ ನೋಟಿನ ಕಂತೆ ಇಟ್ಟುಕೊಂಡು ಬರುವವನಲ್ಲ, ಮೊಬೈಲಿನಲ್ಲಿ ಹಣ ಪಾವತಿಸುತ್ತಾನೆ. 2025ರ ಜುಲೈಯಲ್ಲಿ ಯುಪಿಐ ವಹಿವಾಟಿನ ಆಧಾರದ ಮೇಲೆ ರಾಜ್ಯದ ಅನೇಕ ಸಣ್ಣ ವ್ಯಾಪಾರಿಗಳಿಗೆ ನೋಟಿಸುಗಳು ಬಂದ ತರುವಾಯ, ಕೆಲವರು ಕ್ಯೂಆರ್ ಫಲಕವನ್ನೇ ತೆಗೆದುಹಾಕಿದ್ದುಂಟು. ಈ ಭಯ ಪರಿಹಾರವಲ್ಲ. ವಾರ್ಷಿಕ ವಹಿವಾಟು ಸರಕುಗಳ ಮಾರಾಟಕ್ಕೆ 40 ಲಕ್ಷ ರೂಪಾಯಿ, ಹೋಟೆಲ್ ಮುಂತಾದ ಸೇವೆಗಳಿಗೆ 20 ಲಕ್ಷ ರೂಪಾಯಿ ಮೀರಿದಾಗ ಮಾತ್ರ ಸಾಮಾನ್ಯವಾಗಿ ಜಿಎಸ್‌ಟಿ ನೋಂದಣಿಯ ಹೊಣೆ ಬರುತ್ತದೆ. ಎಳನೀರಿನಂತಹ ತೆರಿಗೆರಹಿತ ಸರಕನ್ನಷ್ಟೇ ಮಾರುವವರಿಗೆ ನೋಂದಣಿಯ ಅಗತ್ಯವಿಲ್ಲ. ಖಾತೆಗೆ ಬಂದ ಹಣದಲ್ಲಿ ವ್ಯಾಪಾರದ್ದೆಷ್ಟು, ಮನೆಯ ಕೈಗಡ ಎಷ್ಟು ಎಂಬುದನ್ನು ತೋರಿಸಬಲ್ಲ ಒಂದು ದಿನವಹಿ ಪುಸ್ತಕವಿದ್ದರೆ ನೋಟಿಸಿಗೆ ಉತ್ತರ ಕೊಡುವುದು ಕಷ್ಟವಲ್ಲ.

ಸೈಕಲ್ ಮಾರಾಟಗಾರರಿಗೂ ಒಂದು ಅನುಕೂಲವಾಗಿದೆ. 2025ರ ಸೆಪ್ಟೆಂಬರ್ 22ರಿಂದ ಸೈಕಲ್ ಮತ್ತು ಅದರ ಬಿಡಿಭಾಗಗಳ ಮೇಲಿನ ಜಿಎಸ್‌ಟಿ ಶೇಕಡಾ 12ರಿಂದ 5ಕ್ಕೆ ಇಳಿದಿದೆ. ತಾಲ್ಲೂಕು ಕೇಂದ್ರದ ಸೈಕಲ್ ಅಂಗಡಿಗಳು ಟ್ಯೂಬು, ಚೈನು, ಬ್ರೇಕ್ ಕೇಬಲ್ಲುಗಳ ಸಣ್ಣ ದಾಸ್ತಾನು ಇಡಲು ಇದು ಸಕಾಲ.

ರಸ್ತೆಯ ಹೊಣೆ ಯಾರದು?

ಕೆಲವು ಕೆಲಸಗಳು ಒಬ್ಬ ವರ್ತಕನಿಂದಾಗುವಂಥವಲ್ಲ. ಬಣ್ಣ ಬಳಿಯದ ರಸ್ತೆಯುಬ್ಬುಗಳು, ಬಾಯ್ತೆರೆದ ಚರಂಡಿಯಂಚು, ಕಲ್ಲುಗಣಿಯ ಟಿಪ್ಪರುಗಳು, ಸೇವಾ ರಸ್ತೆಯಲ್ಲಿ ಎದುರು ದಿಕ್ಕಿನಿಂದ ಬರುವ ವಾಹನಗಳು ಸವಾರನ ಪಾಲಿಗೆ ನಿತ್ಯದ ಅಪಾಯಗಳು. ಸುಗ್ಗಿಯ ಕಾಲದಲ್ಲಿ ರಾಗಿ, ಹುರುಳಿಯನ್ನು ರಸ್ತೆಯ ಮೇಲೆ ಹರಡಿ ಒಕ್ಕಣೆ ಮಾಡುತ್ತಾರೆ. ಆ ಹುಲ್ಲಿನ ಮೇಲೆ ತೆಳು ಚಕ್ರ ಜಾರುತ್ತದೆ. ಕಣಗಳಿಲ್ಲದ ರೈತನನ್ನು ಇದಕ್ಕಾಗಿ ದೂರುವುದು ನ್ಯಾಯವಲ್ಲ. ಒಕ್ಕಣೆ ನಡೆಯುವ ವಾರಗಳಲ್ಲಿ ಬೇರೆ ದಾರಿ ಯಾವುದೆಂದು ಅಂಗಡಿಯ ಫಲಕದಲ್ಲಿ ಬರೆದಿಟ್ಟರೆ ಸಾಕು. ಉಬ್ಬುಗಳಿಗೆ ಬಣ್ಣ, ದಾರಿ ತೋರುವ ಕನ್ನಡ ಫಲಕ, ಜಲಾಶಯದ ದಡದಲ್ಲಿ ಕಸದ ತೊಟ್ಟಿ ಈ ಮೂರನ್ನು ಪಂಚಾಯತಿ ಹಾಗೂ ಲೋಕೋಪಯೋಗಿ ಇಲಾಖೆಯ ಮುಂದಿಡಲು ವರ್ತಕರ ಸಂಘಗಳಿಗೆ ಸಾಧ್ಯವಿದೆ.

ಜಪಾನಿನ ಷಿಗಾ ಪ್ರಾಂತ್ಯದ ಬಿವಾ ಸರೋವರವನ್ನು ಸುತ್ತುವ ಸುಮಾರು 200 ಕಿಲೋಮೀಟರ್ ಉದ್ದದ ಸೈಕಲ್ ಮಾರ್ಗವನ್ನು ಆ ದೇಶ 2019ರಲ್ಲಿ ರಾಷ್ಟ್ರೀಯ ಸೈಕಲ್ ಮಾರ್ಗವೆಂದು ಮಾನ್ಯ ಮಾಡಿತು. ಅಲ್ಲಿ ಸರೋವರದ ಸುತ್ತಲಿನ ಅಂಗಡಿ, ಉಪಾಹಾರ ಗೃಹಗಳು ಪಂಪು, ಉಪಕರಣ, ನೀರು, ಶೌಚಾಲಯಗಳನ್ನು ಸವಾರರಿಗೆ ಒದಗಿಸುವ ನೆರವಿನ ಕೇಂದ್ರಗಳಾಗಿ ನೋಂದಾಯಿಸಿಕೊಂಡಿವೆ. ಹೊಸ ಕಟ್ಟಡಕ್ಕಿಂತ ಇರುವ ಅಂಗಡಿಯ ಬಾಗಿಲಿಗೇ ಅಲ್ಲಿ ಹೆಚ್ಚಿನ ಬೆಲೆ ಬಂದಿದೆ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಅರಗಿನ ಬಣ್ಣದ ಬೊಂಬೆಗೆ ಜಪಾನಿನ ಕೌಶಲವನ್ನು ಹೊಂದಿಸಿಕೊಟ್ಟ ಬಾವಾಸ್ ಮಿಯಾನ್ ಅವರನ್ನು ಚನ್ನಪಟ್ಟಣ ಇಂದಿಗೂ ನೆನೆಯುತ್ತದೆ. ಅದೇ ನಾಡಿನಿಂದ ಕಲಿಯಬಹುದಾದ ಇನ್ನೊಂದು ಪಾಠ ಇದು.

ಮಂಚನಬೆಲೆಯಿಂದ ಚನ್ನಪಟ್ಟಣದವರೆಗಿನ ವರ್ತಕರಲ್ಲಿ ಹತ್ತು ಮಂದಿ ಒಗ್ಗೂಡಿ, ಭಾನುವಾರ ಬೆಳಿಗ್ಗೆ ಆರೂವರೆಗೆ ಬಾಗಿಲು ತೆರೆಯುವುದಾಗಿ ಒಪ್ಪಿ, ಬಾಗಿಲಲ್ಲೊಂದು ಪಂಪು ಇರಿಸಿದರೆ ಆರಂಭಕ್ಕೆ ಅಷ್ಟು ಸಾಕು. ಒಂದು ವರ್ಷ ಲೆಕ್ಕ ಬರೆದು ನೋಡಿ, ಲಾಭವಿದ್ದರೆ ಮುಂದುವರಿಸಬಹುದು, ಇಲ್ಲವಾದರೆ ನಷ್ಟ ಆರು ಸಾವಿರ ರೂಪಾಯಿಯನ್ನು ಮೀರದು.